ಪದವಿ ತರಗತಿಯಲ್ಲಿ ವಿಮೆ ಮತ್ತು ಹಣಕಾಸು ಸೇವೆ: ಉತ್ತರ ಪತ್ರಿಕೆಯಿಂದ ಪೇಟೆಯವರೆಗೆ

ವಾಣಿಜ್ಯ ಪದವಿಯ ವಿದ್ಯಾರ್ಥಿಗಳಿಗೆ ವಿಮೆ ಮತ್ತು ಹಣಕಾಸು ಸೇವೆಗಳನ್ನು ಹೇಗೆ ಕಲಿಸಬೇಕು ಎಂಬ ಪ್ರಶ್ನೆ ಕಾಲೇಜುಗಳಿಗೆ ಮಾತ್ರ ಸಂಬಂಧಿಸಿದುದೆಂದು ನಮ್ಮಲ್ಲಿ ಅನೇಕರು ಭಾವಿಸಿದ್ದೇವೆ. ನಾನೂ ಬಹುಕಾಲ ಹಾಗೆಯೇ ಭಾವಿಸಿದ್ದೆ. ಆ ಭಾವನೆ ತಪ್ಪೆಂಬುದನ್ನು ತಿಳಿಯಲು ನಾನು ತೆತ್ತ ಶುಲ್ಕ ಒಂಬತ್ತು ಲಕ್ಷ ರೂಪಾಯಿ. ಸದಸ್ಯ ಬಾಂಧವರು ಅದೇ ಪಾಠವನ್ನು ಶುಲ್ಕವಿಲ್ಲದೆ ಪಡೆಯಲೆಂಬ ಉದ್ದೇಶದಿಂದ ಈ ಲೇಖನವನ್ನು ಬರೆಯುತ್ತಿದ್ದೇನೆ.

2011ರ ಅಕ್ಟೋಬರ್ ತಿಂಗಳು. ದೀಪಾವಳಿಗೆ ಇನ್ನು ಎರಡು ವಾರ ಉಳಿದಿತ್ತು. ದಾವಣಗೆರೆಯ ನಮ್ಮ ಜವಳಿ ಗೋದಾಮಿನಲ್ಲಿ ವಿದ್ಯುತ್ ಶಾರ್ಟ್ ಸರ್ಕ್ಯೂಟಿನಿಂದ ಬೆಂಕಿ ಕಾಣಿಸಿಕೊಂಡಿತು. ಅಗ್ನಿಶಾಮಕ ದಳದವರು ಸಕಾಲಕ್ಕೆ ಬಂದುದರಿಂದ ಕಟ್ಟಡ ಉಳಿಯಿತು, ಯಾರಿಗೂ ಅಪಾಯವಾಗಲಿಲ್ಲ. ಸುಟ್ಟದ್ದು ಮತ್ತು ನೀರಿನಲ್ಲಿ ತೊಯ್ದದ್ದು ಸೇರಿ ಹಾನಿಯಾದ ಮಾಲು ಹದಿನೆಂಟು ಲಕ್ಷ ರೂಪಾಯಿಯದು. ನಮ್ಮ ಪಾಲಿಸಿಯಲ್ಲಿ ವಿಮಾ ಮೊತ್ತ ನಲವತ್ತು ಲಕ್ಷವಿತ್ತು. ನಷ್ಟ ಅದರ ಅರ್ಧಕ್ಕಿಂತಲೂ ಕಡಿಮೆಯಾದುದರಿಂದ ಪೂರ್ಣ ಹಣ ಬರುವುದೆಂದು ನಾನು ನಿಶ್ಚಿಂತೆಯಿಂದಿದ್ದೆ. ಆದರೆ ಸರ್ವೇಯರ್ ವರದಿಯಲ್ಲಿ ನಿರ್ಧಾರವಾದ ಪರಿಹಾರ ಒಂಬತ್ತು ಲಕ್ಷ ರೂಪಾಯಿ ಮಾತ್ರ.

ನಾನು ಕುಪಿತನಾಗಿ ಪ್ರಶ್ನಿಸಿದೆ. ಸರ್ವೇಯರ್ ಮಹಾಶಯರು ಶಾಂತವಾಗಿ ಒಂದು ಹಾಳೆಯ ಮೇಲೆ ಮೂರು ಅಂಕಿಗಳನ್ನು ಬರೆದರು. ಬೆಂಕಿ ಬಿದ್ದ ದಿನ ಗೋದಾಮಿನಲ್ಲಿದ್ದ ಒಟ್ಟು ದಾಸ್ತಾನು ಎಂಬತ್ತು ಲಕ್ಷ. ವಿಮೆ ಮಾಡಿಸಿದ್ದು ನಲವತ್ತು ಲಕ್ಷ. ನಷ್ಟ ಹದಿನೆಂಟು ಲಕ್ಷ. ಆಸ್ತಿಯ ಅರ್ಧ ಮೌಲ್ಯಕ್ಕೆ ಮಾತ್ರ ವಿಮೆ ಮಾಡಿಸಿದವನು ಉಳಿದ ಅರ್ಧಕ್ಕೆ ತಾನೇ ವಿಮಾದಾರನಾಗಿರುತ್ತಾನೆ. ಆದ್ದರಿಂದ ಯಾವುದೇ ನಷ್ಟದಲ್ಲಿ ಅರ್ಧ ಪಾಲು ಅವನದೇ. ಇದೇ ಸರಾಸರಿ ಷರತ್ತು, ಅಂದರೆ ವಿಮಾ ವ್ಯವಹಾರದಲ್ಲಿ ‘ಆವರೇಜ್ ಕ್ಲಾಸ್’ ಎಂದು ಕರೆಯುವ ನಿಬಂಧನೆ.

ಆಗ ಪಕ್ಕದಲ್ಲಿ ನಿಂತಿದ್ದವನು ನಮ್ಮ ಲೆಕ್ಕಪತ್ರಗಳನ್ನು ನೋಡಿಕೊಳ್ಳುತ್ತಿದ್ದ ಯುವಕ. ಬಿ.ಕಾಂ. ಪದವಿಯನ್ನು ಪ್ರಥಮ ದರ್ಜೆಯಲ್ಲಿ ಪಡೆದವನು. ಆತ ತಲೆ ತಗ್ಗಿಸಿ, “ಈ ಲೆಕ್ಕ ನಮ್ಮ ಪರೀಕ್ಷೆಯಲ್ಲಿ ಬಂದಿತ್ತು ಸರ್. ನಾನು ಪೂರ್ಣ ಅಂಕ ತೆಗೆದಿದ್ದೆ” ಎಂದನು.

ಅವನ ಮಾತು ಸತ್ಯವಾಗಿತ್ತು. ಅಗ್ನಿ ವಿಮಾ ಪರಿಹಾರದ ಲೆಕ್ಕಗಳು ನಮ್ಮ ಬಿ.ಕಾಂ. ಪಠ್ಯಕ್ರಮದಲ್ಲಿ ಬಹುಕಾಲದಿಂದ ಇವೆ. ಬೆಂಕಿ ಬಿದ್ದ ದಿನದ ದಾಸ್ತಾನನ್ನು ಜ್ಞಾಪಕ ವ್ಯಾಪಾರ ಖಾತೆಯ ಮೂಲಕ ಕಂಡುಹಿಡಿದು, ಉಳಿದ ಮಾಲನ್ನು ಕಳೆದು, ಸರಾಸರಿ ಷರತ್ತನ್ನು ಅನ್ವಯಿಸುವುದನ್ನು ವಿದ್ಯಾರ್ಥಿಗಳು ಚೆನ್ನಾಗಿ ಅಭ್ಯಾಸ ಮಾಡುತ್ತಾರೆ. ಆದರೆ ಅವರು ಲೆಕ್ಕ ಮಾಡುವುದು ಬೆಂಕಿ ಬಿದ್ದ ನಂತರದ ಪರಿಹಾರವನ್ನು. ಬೆಂಕಿ ಬೀಳುವ ಮುನ್ನ ವಿಮಾ ಮೊತ್ತವನ್ನು ನಿಗದಿ ಮಾಡುವಾಗ ಇದೇ ಲೆಕ್ಕ ನೆನಪಾಗಬೇಕೆಂದು ಅವರಿಗೆ ಯಾರೂ ಹೇಳಿಕೊಡುವುದಿಲ್ಲ. ಮೂರು ವರ್ಷಗಳ ವ್ಯಾಸಂಗದಲ್ಲಿ ನಮ್ಮ ಯುವಕ ಒಂದು ನಿಜವಾದ ಪಾಲಿಸಿಯನ್ನು ಕೈಯಲ್ಲಿ ಹಿಡಿದು ನೋಡಿರಲಿಲ್ಲ.

ಒಂದೇ ಕಪಾಟಿನ ಎರಡು ಕಡತಗಳು

ತಪ್ಪು ಅವನೊಬ್ಬನದೇ ಅಲ್ಲ. ನಮ್ಮ ಪಾಲಿಸಿ ಪ್ರತಿ ವರ್ಷ ಆಷಾಢ ಮಾಸದ ಸುಮಾರಿಗೆ ನವೀಕರಣಗೊಳ್ಳುತ್ತಿತ್ತು. ಮದುವೆ ಮುಂಜಿಗಳಿಲ್ಲದ ಆ ತಿಂಗಳಲ್ಲಿ ಜವಳಿ ವ್ಯಾಪಾರ ಮಂದವಾಗಿದ್ದು ದಾಸ್ತಾನು ಅತ್ಯಂತ ಕಡಿಮೆ ಇರುತ್ತದೆ. ದಸರೆ ದೀಪಾವಳಿಗಳ ವೇಳೆಗೆ ಅದು ದುಪ್ಪಟ್ಟಾಗುತ್ತದೆ. ಅಲ್ಲದೆ ನಲವತ್ತು ಲಕ್ಷವೆಂಬ ವಿಮಾ ಮೊತ್ತ ದಾಸ್ತಾನಿನ ಮೌಲ್ಯವನ್ನು ನೋಡಿ ನಿರ್ಧರಿಸಿದ್ದೇ ಅಲ್ಲ. ಅದು ಬ್ಯಾಂಕಿನ ಕ್ಯಾಶ್ ಕ್ರೆಡಿಟ್ ಸಾಲದ ಮಿತಿ. ಸಾಲಕ್ಕೆ ಭದ್ರತೆಯಾಗಲೆಂದು ಮಾಡಿಸಿದ ವಿಮೆ ಸಾಲದ ಮೊತ್ತಕ್ಕೆ ಸರಿಯಾಗಿ ನಿಂತಿತ್ತು. ನಮ್ಮ ಸ್ವಂತ ಬಂಡವಾಳದ ಮಾಲಿಗೆ ವಿಮೆಯೇ ಇರಲಿಲ್ಲ.

ಇನ್ನೂ ಒಂದು ಸಂಗತಿ ಇದೆ. ಪ್ರತಿ ತಿಂಗಳೂ ಬ್ಯಾಂಕಿಗೆ ಸಲ್ಲಿಸುವ ದಾಸ್ತಾನು ಪಟ್ಟಿಯಲ್ಲಿ ಎಂಬತ್ತು ಲಕ್ಷವೆಂದು ನಾವೇ ಸಹಿ ಮಾಡಿ ಕೊಟ್ಟಿದ್ದೆವು. ಸರ್ವೇಯರ್ ಮೊದಲು ಕೇಳಿ ಪಡೆದದ್ದು ಆ ಪಟ್ಟಿಯನ್ನೇ. ಬ್ಯಾಂಕಿನ ಕಡತ ಮತ್ತು ವಿಮೆಯ ಕಡತ ಒಂದೇ ಕಪಾಟಿನಲ್ಲಿ ಅಕ್ಕಪಕ್ಕದಲ್ಲಿದ್ದವು. ಎರಡನ್ನೂ ಒಟ್ಟಿಗೆ ತೆರೆದು ನೋಡಿದವರು ಮಾತ್ರ ನಮ್ಮ ಅಂಗಡಿಯಲ್ಲಿ ಯಾರೂ ಇರಲಿಲ್ಲ.

ಬ್ಯಾಂಕಿಂಗ್, ವಿಮೆ ಮತ್ತು ಹೂಡಿಕೆಯನ್ನು ಬಿಡಿಬಿಡಿಯಾಗಿ ಕಲಿಸದೆ ‘ಹಣಕಾಸು ಸೇವೆಗಳು’ ಎಂಬ ಒಂದೇ ಶಾಸ್ತ್ರವಾಗಿ ಕಲಿಸಬೇಕೆಂಬ ವಾದದ ತಿರುಳು ಇದೇ ಎಂದು ನನಗೆ ಅನಂತರ ಮನವರಿಕೆಯಾಯಿತು.

ನಮ್ಮ ನಾಡಿನ ಪರಂಪರೆ

ಈ ಶಾಸ್ತ್ರ ಕನ್ನಡ ನಾಡಿಗೆ ಹೊಸದಲ್ಲ. ಮೈಸೂರು ಸಂಸ್ಥಾನವು ತನ್ನ ನೌಕರರಿಗಾಗಿ 1891ರಲ್ಲಿಯೇ ಸರ್ಕಾರಿ ಜೀವ ವಿಮಾ ಯೋಜನೆಯನ್ನು ಆರಂಭಿಸಿತು. ಇಂದಿನ ಕರ್ನಾಟಕ ಸರ್ಕಾರಿ ವಿಮಾ ಇಲಾಖೆ ಅದರ ಮುಂದುವರಿಕೆ. ಅವಿಭಜಿತ ದಕ್ಷಿಣ ಕನ್ನಡ ಜಿಲ್ಲೆಯೊಂದೇ 1906ರಲ್ಲಿ ಕೆನರಾ ಮತ್ತು ಕಾರ್ಪೊರೇಶನ್ ಬ್ಯಾಂಕುಗಳಿಗೂ, 1924ರಲ್ಲಿ ಕರ್ಣಾಟಕ ಬ್ಯಾಂಕಿಗೂ, 1925ರಲ್ಲಿ ಸಿಂಡಿಕೇಟ್ ಬ್ಯಾಂಕಿಗೂ, 1931ರಲ್ಲಿ ವಿಜಯ ಬ್ಯಾಂಕಿಗೂ ಜನ್ಮ ನೀಡಿತು. ಸಿಂಡಿಕೇಟ್ ಬ್ಯಾಂಕ್ ಹುಟ್ಟಿದ್ದೇ ಸಂಕಷ್ಟದಲ್ಲಿದ್ದ ಕರಾವಳಿಯ ಕೈಮಗ್ಗ ನೇಕಾರರಿಗೆ ನೆರವಾಗಲೆಂದು. 1928ರಲ್ಲಿ ಅದು ಆರಂಭಿಸಿದ ಪಿಗ್ಮಿ ಠೇವಣಿಯಲ್ಲಿ ದಿನಕ್ಕೆ ಎರಡಾಣೆಯನ್ನು ಮನೆಬಾಗಿಲಿನಲ್ಲೇ ಸಂಗ್ರಹಿಸಲಾಗುತ್ತಿತ್ತು.

ಸರ್ ಎಂ. ವಿಶ್ವೇಶ್ವರಯ್ಯನವರ ದಿವಾನಗಿರಿಯ ಕಾಲದಲ್ಲಿ 1913ರಲ್ಲಿ ಮೈಸೂರು ಬ್ಯಾಂಕ್, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಮತ್ತು ಅದೇ ವರ್ಷ ಮೈಸೂರು ವಾಣಿಜ್ಯ ಮಂಡಲಿ ಸ್ಥಾಪನೆಯಾದವು. ಹಣ, ವಿದ್ಯೆ ಮತ್ತು ವ್ಯಾಪಾರ ಒಂದಕ್ಕೊಂದು ಆಸರೆಯಾಗಿರಬೇಕೆಂಬ ದೃಷ್ಟಿ ಈ ಮೂರು ಸಂಸ್ಥೆಗಳ ಹಿಂದೆ ಇತ್ತೆನ್ನಬಹುದು. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ, ವಿಜಯ ಬ್ಯಾಂಕ್ 2019ರಲ್ಲಿ, ಸಿಂಡಿಕೇಟ್ ಮತ್ತು ಕಾರ್ಪೊರೇಶನ್ ಬ್ಯಾಂಕುಗಳು 2020ರಲ್ಲಿ ಬೇರೆ ಬ್ಯಾಂಕುಗಳಲ್ಲಿ ವಿಲೀನವಾದವು. ಹೆಸರುಗಳು ಅಳಿದರೂ ಆ ಸಂಸ್ಥೆಗಳನ್ನು ಕಟ್ಟಿದ ತಿಳಿವಳಿಕೆ ಅಳಿಯಬೇಕಾಗಿಲ್ಲ.

ವಿಮಾ ಕ್ಷೇತ್ರದ ಚರಿತ್ರೆಯೂ ವಿದ್ಯಾರ್ಥಿಗಳು ಅರಿಯಬೇಕಾದುದೇ. 1938ರ ವಿಮಾ ಕಾಯಿದೆ, 1956ರಲ್ಲಿ ಜೀವ ವಿಮೆಯ ರಾಷ್ಟ್ರೀಕರಣ ಮತ್ತು ಜೀವ ವಿಮಾ ನಿಗಮದ ಸ್ಥಾಪನೆ, 1973ರ ಜನವರಿ 1ರಿಂದ ಸಾಮಾನ್ಯ ವಿಮೆಯ ರಾಷ್ಟ್ರೀಕರಣ, ಮಲ್ಹೋತ್ರಾ ಸಮಿತಿಯ 1994ರ ವರದಿ, ಅದರ ಫಲವಾಗಿ ಬಂದ 1999ರ ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರ ಕಾಯಿದೆ, 2000ದಿಂದ ಖಾಸಗಿ ಕಂಪನಿಗಳ ಪ್ರವೇಶ, ಇವು ಮುಖ್ಯ ಘಟ್ಟಗಳು. ವಿದೇಶಿ ಬಂಡವಾಳದ ಮಿತಿಯು ಆರಂಭದಲ್ಲಿ ಶೇ. 26 ಇದ್ದುದು 2015ರಲ್ಲಿ ಶೇ. 49ಕ್ಕೂ 2021ರಲ್ಲಿ ಶೇ. 74ಕ್ಕೂ ಏರಿತು. ಇಷ್ಟಾದರೂ ದೇಶದ ಒಟ್ಟು ಉತ್ಪನ್ನಕ್ಕೆ ಹೋಲಿಸಿದರೆ ವಿಮಾ ಕಂತಿನ ಪ್ರಮಾಣ 2022-23ರಲ್ಲಿ ಶೇ. 4ರಷ್ಟಿದ್ದುದು 2023-24ರಲ್ಲಿ ಶೇ. 3.7ಕ್ಕೆ ಇಳಿಯಿತು. ಅದರಲ್ಲಿ ಜೀವ ವಿಮೆಯ ಪಾಲೇ ಶೇ. 2.8. ಅಂಗಡಿ, ಗೋದಾಮು, ಯಂತ್ರ, ಬೆಳೆ, ವಾಹನ, ಆರೋಗ್ಯ ಎಲ್ಲಕ್ಕೂ ಸೇರಿ ಉಳಿದದ್ದು ಶೇ. 1ಕ್ಕಿಂತ ಕಡಿಮೆ. ನಮ್ಮ ಪೇಟೆಗಳು ಎಷ್ಟು ಬರಿಗೈಯಲ್ಲಿ ನಿಂತಿವೆ ಎಂಬುದನ್ನು ಈ ಅಂಕಿ ಹೇಳುತ್ತದೆ.

ತತ್ವಗಳನ್ನು ಪೇಟೆಯ ಉದಾಹರಣೆಯಿಂದ ಕಲಿಸಬೇಕು

ವಿಮಾ ಶಾಸ್ತ್ರದ ಮೂಲ ತತ್ವಗಳು ಕೆಲವೇ. ಅವುಗಳನ್ನು ಕಂಠಪಾಠ ಮಾಡಿಸುವುದಕ್ಕಿಂತ ಊರಿನ ವ್ಯವಹಾರಗಳಿಂದ ವಿವರಿಸಿದರೆ ವಿದ್ಯಾರ್ಥಿಗಳು ಮರೆಯಲಾರರು.

ಪರಮ ವಿಶ್ವಾಸದ ತತ್ವದಂತೆ, ಅಪಾಯಕ್ಕೆ ಸಂಬಂಧಿಸಿದ ಮುಖ್ಯ ಸಂಗತಿಗಳನ್ನು ವಿಮೆ ಮಾಡಿಸುವವನು ಕೇಳುವ ಮೊದಲೇ ತಿಳಿಸಬೇಕು. ಬಟ್ಟೆ ಗೋದಾಮೆಂದು ಬರೆಸಿ ಅದರ ಒಂದು ಮೂಲೆಯಲ್ಲಿ ಪಟಾಕಿ ದಾಸ್ತಾನು ಮಾಡಿದವನು ಈ ತತ್ವವನ್ನು ಮುರಿದಂತೆ.

ನಷ್ಟಭರ್ತಿಯ ತತ್ವದಂತೆ, ವಿಮೆಯಿಂದ ನಷ್ಟ ತುಂಬಬೇಕೇ ಹೊರತು ಲಾಭವಾಗಬಾರದು. ಹತ್ತು ಲಕ್ಷದ ಮಾಲಿಗೆ ಇಪ್ಪತ್ತು ಲಕ್ಷದ ವಿಮೆ ಮಾಡಿಸಿದರೂ ದೊರೆಯುವುದು ಹತ್ತು ಲಕ್ಷದೊಳಗೇ. ಕಡಿಮೆ ವಿಮೆ ಎಷ್ಟು ಅವಿವೇಕವೋ ಹೆಚ್ಚು ವಿಮೆಯೂ ಅಷ್ಟೇ ವ್ಯರ್ಥ.

ಸನ್ನಿಹಿತ ಕಾರಣದ ತತ್ವದಂತೆ, ನಷ್ಟಕ್ಕೆ ಪ್ರಬಲ ಕಾರಣ ಯಾವುದೆಂದು ನೋಡಲಾಗುತ್ತದೆ. ನಮ್ಮ ಗೋದಾಮಿನಲ್ಲಿ ಎಷ್ಟೋ ಥಾನುಗಳು ಸುಡದೆ, ಬೆಂಕಿ ಆರಿಸಿದ ನೀರಿನಿಂದ ಕೆಟ್ಟವು. ಆ ನಷ್ಟವನ್ನೂ ಅಗ್ನಿ ವಿಮೆಯಲ್ಲಿಯೇ ಲೆಕ್ಕಕ್ಕೆ ಹಿಡಿಯಲಾಯಿತು.

ಪರಿಹಾರ ನೀಡಿದ ವಿಮಾ ಕಂಪನಿಯು ನಷ್ಟಕ್ಕೆ ಹೊಣೆಯಾದ ಮೂರನೆಯವರಿಂದ ಹಣ ವಸೂಲು ಮಾಡುವ ಹಕ್ಕನ್ನು ಪಡೆಯುತ್ತದೆ ಎಂಬುದು ಮತ್ತೊಂದು ತತ್ವ. ಲಾರಿಯಲ್ಲಿ ಬಂದ ಮಾಲು ಹಾನಿಗೊಂಡಿದ್ದರೂ ರಸೀದಿಯ ಮೇಲೆ ‘ಸರಿಯಾಗಿ ತಲುಪಿದೆ’ ಎಂದು ಸಹಿ ಮಾಡಿ, ಸಾಗಣೆದಾರರಿಗೆ ಲಿಖಿತ ನೋಟೀಸನ್ನೂ ನೀಡದಿದ್ದರೆ ಆ ಹಕ್ಕು ಕೆಡುತ್ತದೆ. ಅದರೊಂದಿಗೆ ನಮ್ಮ ಪರಿಹಾರಕ್ಕೂ ತೊಡಕಾಗುತ್ತದೆ. ಪ್ರತಿದಿನ ಮಾಲು ಇಳಿಸಿಕೊಳ್ಳುವ ನಮ್ಮ ಗುಮಾಸ್ತರಲ್ಲಿ ಎಷ್ಟು ಮಂದಿಗೆ ಇದು ತಿಳಿದಿದೆ?

ಅನೇಕರ ಸಣ್ಣ ವಂತಿಗೆಯಿಂದ ಕೆಲವರ ದೊಡ್ಡ ಕಷ್ಟವನ್ನು ನಿವಾರಿಸುವ ಮೂಲ ವಿಚಾರಕ್ಕೆ ನಮ್ಮ ರಾಜ್ಯದ ಯಶಸ್ವಿನಿ ಯೋಜನೆಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. 2003ರಲ್ಲಿ ಸಹಕಾರ ಸಂಘಗಳ ರೈತ ಸದಸ್ಯರಿಗಾಗಿ ಕಾರ್ಯಾರಂಭ ಮಾಡಿದ ಈ ಯೋಜನೆಯಲ್ಲಿ ಆರಂಭದ ವಂತಿಗೆ ತಿಂಗಳಿಗೆ ಐದು ರೂಪಾಯಿಯ ಲೆಕ್ಕದಲ್ಲಿ ವರ್ಷಕ್ಕೆ 60 ರೂಪಾಯಿ ಮಾತ್ರ. ಈ ಯೋಜನೆಯಲ್ಲಿ ಶಸ್ತ್ರಚಿಕಿತ್ಸೆಗಳ ವೆಚ್ಚ ಭರಿಸುವ ವ್ಯವಸ್ಥೆ ರೂಪುಗೊಂಡಿತು. 2018ರಲ್ಲಿ ನಿಂತು 2022ರಲ್ಲಿ ಪುನರಾರಂಭವಾದ ಈ ಯೋಜನೆಯ ಲೆಕ್ಕಾಚಾರವನ್ನು ಒಂದು ತರಗತಿಯಲ್ಲಿ ಚರ್ಚಿಸಿದರೆ, ವಂತಿಗೆ, ಸದಸ್ಯಸಂಖ್ಯೆ, ರೋಗಸಂಭವ ಇವುಗಳ ಸಂಬಂಧ ಯಾವ ವಿದ್ಯಾರ್ಥಿಗಾದರೂ ಹೊಳೆಯುವುದು.

ವಿದ್ಯಾರ್ಥಿಗಳ ಮುಂದಿರುವ ದಾರಿಗಳು

ವಿಮೆಯನ್ನು ಓದಿದರೆ ಏಜೆಂಟ್ ಆಗಬೇಕು ಎಂಬ ಸಾಮಾನ್ಯ ಅಭಿಪ್ರಾಯ ಅಪೂರ್ಣವಾದುದು. ಏಜೆಂಟರ ವೃತ್ತಿ ಗೌರವಯುತವಾದುದೇ. ಅದಕ್ಕೆ ಪದವಿ ಕಡ್ಡಾಯವೂ ಅಲ್ಲ. ಪದವೀಧರರಿಗೆ ಇತರ ದಾರಿಗಳೂ ಇವೆ.

ಗಣಿತ ಮತ್ತು ಸಂಖ್ಯಾಶಾಸ್ತ್ರದಲ್ಲಿ ಆಸಕ್ತಿಯುಳ್ಳವರು ಆಕ್ಚುಯರಿ ಅಥವಾ ವಿಮಾ ಗಣಕ ವೃತ್ತಿಯನ್ನು ಆರಿಸಿಕೊಳ್ಳಬಹುದು. 2006ರ ಆಕ್ಚುಯರಿಗಳ ಕಾಯಿದೆಯ ಅಡಿಯಲ್ಲಿರುವ ಇನ್‌ಸ್ಟಿಟ್ಯೂಟ್ ಆಫ್ ಆಕ್ಚುಯರೀಸ್ ಆಫ್ ಇಂಡಿಯಾ ನಡೆಸುವ ಪ್ರವೇಶ ಪರೀಕ್ಷೆಯನ್ನು ಪದವಿ ವ್ಯಾಸಂಗದ ಅವಧಿಯಲ್ಲಿಯೇ ಬರೆಯಬಹುದು. ಮುಂದಿನ ಪರೀಕ್ಷೆಗಳು ಕಠಿಣ. ಹಲವು ವರ್ಷಗಳ ತಾಳ್ಮೆ ಬೇಡುತ್ತವೆ. ಮುಂಬಯಿಯಲ್ಲಿರುವ, 1955ರಲ್ಲಿ ಸ್ಥಾಪಿತವಾದ ಇನ್ಶೂರೆನ್ಸ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯಾ ಲೈಸೆನ್ಷಿಯೇಟ್, ಅಸೋಸಿಯೇಟ್ ಮತ್ತು ಫೆಲೋಷಿಪ್ ಎಂಬ ಮೂರು ಹಂತದ ಪರೀಕ್ಷೆಗಳನ್ನು ನಡೆಸುತ್ತದೆ. ನಷ್ಟದ ಅಂದಾಜು ಮಾಡುವ ಸರ್ವೇಯರ್ ವೃತ್ತಿಗೆ ನಿಗದಿತ ವಿದ್ಯಾರ್ಹತೆ, ತರಬೇತಿ ಮತ್ತು ವಿಮಾ ಪ್ರಾಧಿಕಾರದ ಪರವಾನಗಿ ಬೇಕು. ಷೇರುಪೇಟೆ ಮತ್ತು ಮ್ಯೂಚುಯಲ್ ಫಂಡ್ ಸೇವೆಗಳಲ್ಲಿ ತೊಡಗುವವರಿಗೆ ಸೆಬಿ ಸ್ಥಾಪಿಸಿದ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಸೆಕ್ಯುರಿಟೀಸ್ ಮಾರ್ಕೆಟ್ಸ್ ಸಂಸ್ಥೆಯ ಪ್ರಮಾಣಪತ್ರ ಪರೀಕ್ಷೆಗಳಿವೆ. ಬೆಂಗಳೂರಿನಲ್ಲಿ ನೆಲೆಸಿರುವ ವಿದೇಶಿ ಹಣಕಾಸು ಸಂಸ್ಥೆಗಳ ಸೇವಾ ಕೇಂದ್ರಗಳಲ್ಲಿ ಅಪಾಯದ ಅಂದಾಜು ಮತ್ತು ಪರಿಹಾರ ಪರಿಶೀಲನೆಯಂತಹ ಕೆಲಸಗಳಿಗೂ ಈ ವಿಷಯ ಬಲ್ಲವರು ಬೇಕು.

ನಮ್ಮ ರಾಜ್ಯದಲ್ಲಿ 2021-22ರಲ್ಲಿ ಬಂದ ನಾಲ್ಕು ವರ್ಷದ ಪದವಿ ವ್ಯವಸ್ಥೆಯ ಬದಲು 2024-25ರಿಂದ ಮತ್ತೆ ಮೂರು ವರ್ಷದ ಪದವಿ ಜಾರಿಗೆ ಬಂದಿದೆ. ಸಮಯ ಕಡಿಮೆ, ವಿಷಯಗಳು ಹೆಚ್ಚು. ವ್ಯಾಸಂಗದೊಂದಿಗೆ ಅಪ್ರೆಂಟಿಸ್ ತರಬೇತಿಯನ್ನು ಬೆಸೆಯುವ ಪದವಿಗಳಿಗಾಗಿ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು 2020ರಲ್ಲಿ ಮಾರ್ಗಸೂಚಿಗಳನ್ನು ನೀಡಿತು. ಇಂತಹ ತರಬೇತಿ ದೊಡ್ಡ ಕಂಪನಿಗಳ ಕಚೇರಿಗಳಲ್ಲಿ ಮಾತ್ರ ಸಾಧ್ಯವೆಂದು ತಿಳಿಯಬೇಕಾಗಿಲ್ಲ. ಒಂದು ಅಕ್ಕಿ ಗಿರಣಿಯ ವರ್ಷದ ವಿಮಾ ಕಾಗದಪತ್ರಗಳಲ್ಲಿ ಒಂದು ಸೆಮಿಸ್ಟರಿಗೆ ಸಾಕಾಗುವಷ್ಟು ಪಾಠವಿದೆ.

ಭಾಷೆಯ ಮತ್ತು ಪ್ರಾಮಾಣಿಕತೆಯ ಪ್ರಶ್ನೆ

ಪಾಲಿಸಿಗಳು ಬಹುಮಟ್ಟಿಗೆ ಇಂಗ್ಲಿಷಿನಲ್ಲಿರುತ್ತವೆ. ಗ್ರಾಹಕನ ಪ್ರಶ್ನೆ ಕನ್ನಡದಲ್ಲಿರುತ್ತದೆ. ನಡುವೆ ನಿಂತು ಷರತ್ತನ್ನು ಸರಿಯಾದ ಕನ್ನಡದಲ್ಲಿ ಬಿಡಿಸಿ ಹೇಳಬಲ್ಲ ಪದವೀಧರನ ಬೆಲೆ ದೊಡ್ಡದು. ಕನ್ನಡ ಮಾಧ್ಯಮದಿಂದ ಬಂದ ವಿದ್ಯಾರ್ಥಿಗಳು ಇದನ್ನು ಕೊರತೆಯೆಂದು ಭಾವಿಸದೆ ತಮ್ಮ ಬಲವೆಂದು ತಿಳಿಯಬೇಕು. ಆದರೆ ಎರಡೂ ಭಾಷೆಗಳಲ್ಲಿ ಷರತ್ತಿನ ಅರ್ಥ ಒಂದೇ ಆಗುವಂತೆ ಹೇಳುವ ಅಭ್ಯಾಸವನ್ನು ಕಾಲೇಜಿನಲ್ಲಿಯೇ ಮಾಡಿಸಬೇಕು.

ಇದಕ್ಕಿಂತ ಮುಖ್ಯವಾದುದು ಪ್ರಾಮಾಣಿಕತೆ. ಕೆಲಸಕ್ಕೆ ಸೇರಿದ ತಿಂಗಳಲ್ಲಿಯೇ ಹೊಸಬರಿಗೆ ಮಾರಾಟದ ಗುರಿ ನೀಡಲಾಗುತ್ತದೆ. ಅದನ್ನು ಮುಟ್ಟಲು ಬಂಧುಗಳಿಗೂ ನೆರೆಹೊರೆಯವರಿಗೂ ಅನುಕೂಲವಲ್ಲದ ಪಾಲಿಸಿಗಳನ್ನು ಮಾರುವ ಒತ್ತಡ ಬರುತ್ತದೆ. ಹೂಡಿಕೆಯನ್ನು ವಿಮೆಯೆಂದೂ ವಿಮೆಯನ್ನು ಠೇವಣಿಯೆಂದೂ ಹೇಳಿ ಮಾರಿದ ಪ್ರಸಂಗಗಳು ನಮ್ಮೆಲ್ಲರಿಗೂ ಪರಿಚಿತವೇ. 2024ರ ನಿಯಮಗಳಂತೆ ಪಾಲಿಸಿ ಕೈಸೇರಿದ 30 ದಿನಗಳೊಳಗೆ ಅದನ್ನು ಹಿಂದಿರುಗಿಸುವ ಅವಕಾಶ ಗ್ರಾಹಕನಿಗಿದೆ. ಈ ಅವಕಾಶವನ್ನು ಗ್ರಾಹಕನಿಗೆ ತಾನಾಗಿಯೇ ತಿಳಿಸುವವನೇ ದೀರ್ಘಕಾಲ ಉಳಿಯುವ ವೃತ್ತಿಪರನೆಂದು ತರಗತಿಯಲ್ಲಿ ಹೇಳಬೇಕಾಗಿದೆ.

ನಾವು ಮಾಡಬಹುದಾದುದು

ಈ ಹಿನ್ನೆಲೆಯಲ್ಲಿ ಸದಸ್ಯರ ಪರಿಶೀಲನೆಗಾಗಿ ಕೆಲವು ಸಲಹೆಗಳನ್ನು ಮುಂದಿಡುತ್ತೇನೆ.

ಮೊದಲನೆಯದಾಗಿ, ಅವಧಿ ಮುಗಿದ ಪಾಲಿಸಿಗಳು, ಸರ್ವೇ ವರದಿಗಳು ಮತ್ತು ದಾಸ್ತಾನು ಪಟ್ಟಿಗಳ ಪ್ರತಿಗಳನ್ನು, ಹೆಸರು ಮತ್ತು ಗುರುತುಗಳನ್ನು ಅಳಿಸಿ, ಊರಿನ ವಾಣಿಜ್ಯ ಕಾಲೇಜಿಗೆ ನೀಡೋಣ. ಅಧ್ಯಾಪಕರಿಗೆ ಇದಕ್ಕಿಂತ ಉಪಯುಕ್ತ ಪಠ್ಯಸಾಮಗ್ರಿ ದೊರೆಯಲಾರದು.

ಎರಡನೆಯದಾಗಿ, ನವೀಕರಣದ ತಿಂಗಳಲ್ಲಿ ಪ್ರತಿ ಸಂಸ್ಥೆಯೂ ಒಬ್ಬಿಬ್ಬರು ವಿದ್ಯಾರ್ಥಿಗಳನ್ನು ತರಬೇತಿಗೆ ಕರೆಯಲಿ. ದಾಸ್ತಾನಿನ ಏರಿಳಿತವನ್ನು ಹನ್ನೆರಡು ತಿಂಗಳಿಗೆ ಗುರುತಿಸಿ, ವಿಮಾ ಮೊತ್ತದೊಂದಿಗೆ ಹೋಲಿಸಿ ಟಿಪ್ಪಣಿ ಸಿದ್ಧಪಡಿಸುವುದು ಅವರ ಕೆಲಸವಾಗಲಿ. ದಾಸ್ತಾನು ಬಹಳ ಏರಿಳಿಯುವ ವ್ಯಾಪಾರಕ್ಕೆ ಪ್ರತಿ ತಿಂಗಳು ಮೌಲ್ಯ ಘೋಷಿಸುವ ಡಿಕ್ಲರೇಷನ್ ಪಾಲಿಸಿ ಸೂಕ್ತವೇ ಎಂಬುದನ್ನೂ ಅವರು ಪರಿಶೀಲಿಸಲಿ. 2021ರ ಏಪ್ರಿಲ್ 1ರಿಂದ ಬಂದ ‘ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ’ ಮತ್ತು ‘ಭಾರತ್ ಲಘು ಉದ್ಯಮ ಸುರಕ್ಷಾ’ ಪಾಲಿಸಿಗಳಲ್ಲಿ ಶೇ. 15ರವರೆಗಿನ ಕೊರತೆ ವಿಮೆಯನ್ನು ಮನ್ನಿಸುವ ಅವಕಾಶವನ್ನು ಕಲ್ಪಿಸಲಾಯಿತು. ಇದು ಸ್ವಾಗತಾರ್ಹವೇ. ಆದರೆ ನನ್ನ ಹಾಗೆ ಅರ್ಧಕ್ಕೆ ಅರ್ಧ ಕೊರತೆ ಮಾಡಿಕೊಂಡವರನ್ನು ಅದು ರಕ್ಷಿಸಲಾರದು.

ಮೂರನೆಯದಾಗಿ, ಅನುಭವಿ ಸರ್ವೇಯರುಗಳು, ಏಜೆಂಟರು ಮತ್ತು ಬ್ಯಾಂಕ್ ಅಧಿಕಾರಿಗಳಿಂದ ಪ್ರತಿ ಸೆಮಿಸ್ಟರಿನಲ್ಲಿ ಒಂದೆರಡು ಉಪನ್ಯಾಸಗಳನ್ನು ಮಂಡಲಿಯ ವತಿಯಿಂದ ಏರ್ಪಡಿಸಬಹುದು. ಇದಕ್ಕೆ ಹೆಚ್ಚಿನ ವೆಚ್ಚವೇನೂ ಇಲ್ಲ.

ನಮ್ಮ ಸಂಸ್ಥೆಯಲ್ಲಿ ಕೆಲವು ವರ್ಷಗಳಿಂದ ಈ ಪದ್ಧತಿಯನ್ನು ಅನುಸರಿಸುತ್ತಿದ್ದೇವೆ. ಇತ್ತೀಚೆಗೆ ತರಬೇತಿಗೆ ಬಂದಿದ್ದ ಅಂತಿಮ ವರ್ಷದ ವಿದ್ಯಾರ್ಥಿನಿಯೊಬ್ಬಳು ಪಾಲಿಸಿಯನ್ನೂ ಬ್ಯಾಂಕಿನ ದಾಸ್ತಾನು ಪಟ್ಟಿಗಳನ್ನೂ ಮೇಜಿನ ಮೇಲೆ ಅಕ್ಕಪಕ್ಕ ಹರಡಿಕೊಂಡು ಕುಳಿತಿದ್ದಳು. ಸ್ವಲ್ಪ ಹೊತ್ತಿನ ನಂತರ, “ಸರ್, ಹಬ್ಬದ ಮಾಲೆಲ್ಲ ಈ ಗೋದಾಮಿಗೇ ಬರುತ್ತದೆಯೋ, ಹೊಸದಾಗಿ ಬಾಡಿಗೆಗೆ ಹಿಡಿದ ಗೋದಾಮಿಗೂ ಹೋಗುತ್ತದೆಯೋ? ಪಾಲಿಸಿಯಲ್ಲಿ ಒಂದೇ ವಿಳಾಸವಿದೆ” ಎಂದು ಕೇಳಿದಳು. ಹೊಸ ಗೋದಾಮಿನ ವಿಳಾಸ ಸೇರಿಸುವುದನ್ನು ನಾವು ಮರೆತೇಬಿಟ್ಟಿದ್ದೆವು. ಆ ವಾರವೇ ಅದನ್ನು ಸೇರಿಸಲಾಯಿತು.

ಆ ವರ್ಷ ಬೆಂಕಿಯೂ ಬೀಳಲಿಲ್ಲ, ಮಳೆಯೂ ನುಗ್ಗಲಿಲ್ಲ. ಆಕೆಯ ಪ್ರಶ್ನೆಯಿಂದ ಎಷ್ಟು ಹಣ ಉಳಿಯಿತೆಂದು ಹೇಳಲು ನನ್ನಲ್ಲಿ ಯಾವ ಲೆಕ್ಕವೂ ಇಲ್ಲ. ಆದರೆ ಹಬ್ಬದ ಆ ದಿನಗಳಲ್ಲಿ ನಾನು ಅಂಗಡಿ ಬಾಗಿಲು ಹಾಕಿ ನಿಶ್ಚಿಂತೆಯಿಂದ ಮನೆಗೆ ಹೋಗುತ್ತಿದ್ದೆ. ವಿದ್ಯೆಯನ್ನು ಪರೀಕ್ಷೆಯ ಕೋಣೆಯಿಂದ ಪೇಟೆಗೆ ಕರೆತರುವ ಕೆಲಸದಲ್ಲಿ ಕಾಲೇಜುಗಳಷ್ಟೇ ಹೊಣೆ ನಮ್ಮದೂ ಆಗಿದೆ. ಮುಂದಿನ ನವೀಕರಣದ ಪತ್ರ ಬಂದಾಗ ಸದಸ್ಯ ಬಾಂಧವರು ಸಹಿ ಮಾಡುವ ಮುನ್ನ ಸಮೀಪದ ಕಾಲೇಜಿಗೊಮ್ಮೆ ದೂರವಾಣಿ ಮಾಡುವರೆಂದು ಆಶಿಸುತ್ತೇನೆ.